ಮುಂಬಯಿಗೆ 18, ಬೆಂಗಳೂರಿಗೆ 080

ಮುಂಬಯಿಗೆ ಬಂದು ಇಪ್ಪತ್ತೆರಡು ವರ್ಷ ಆಯ್ತು. ಈ ಊರಿನ ಎಸ್‌ಟಿಡಿ ಕೋಡ್ 18 ಅಂತ ಗೊತ್ತಾಗಿದ್ದು ಮಾತ್ರ ಮೊನ್ನೆ!

ನಡೆದದ್ದಿಷ್ಟು. ನಮ್ಮ ಆಫೀಸಿನ ಪ್ರೋಗ್ರಾಂ ಇರುವುದು ಪೈಥಾನ್‌ನಲ್ಲಿ, ಅದರ ಸೆಟ್ಟಿಂಗುಗಳು ಯಾಮಲ್ ಫೈಲಿನಲ್ಲಿ. ಹೊಸ ಹುಡುಗನೊಬ್ಬ 022ಕ್ಕೆ ಕೋಟ್ಸ್ ಹಾಕಲು ಮರೆತ. ಯಾಮಲ್ 1.1ರಲ್ಲಿ ಸೊನ್ನೆಯಿಂದ ಶುರುವಾದರೆ ಅದು ಆಕ್ಟಲ್, ಅಂದರೆ ಎಂಟರ ಲೆಕ್ಕ. 022 ಹೋಗಿ 18 ಆಯ್ತು, ಪುಣೆಯ 020 ಹೋಗಿ 16. ನಮ್ಮ ಬೆಂಗಳೂರಿನ 080, ಹುಬ್ಬಳ್ಳಿಯ 0836 ಮಾತ್ರ ಕ್ಷೇಮ. ಆಕ್ಟಲ್‌ನಲ್ಲಿ 8 ಎಂಬ ಅಂಕಿಯೇ ಇಲ್ಲವಲ್ಲ, ಹಾಗಾಗಿ ಅದನ್ನು ಅಕ್ಷರವೆಂದು ಬಿಟ್ಟಿತು!

ಮೀಟಿಂಗಿನಲ್ಲಿ ಹುಡುಗನಿಗೆ ಮಂಗಳಾರತಿ. ನನಗೆ ತಡೆಯಲಾಗಲಿಲ್ಲ. ತಪ್ಪು ಅವನೊಬ್ಬನದೇ? ಆ ಫೈಲಿನಲ್ಲಿ ವರ್ಷಗಟ್ಟಲೆ 'ಈ ಊರಾದರೆ ಈ ದರ' ಅಂತ ಷರತ್ತು ತುರುಕಿದವರು ನಾವು. ಅದು ಯಾವತ್ತೋ ಪ್ರೋಗ್ರಾಂ ಆಗಿತ್ತು. ಆದರೆ 'ಬರೀ ಸೆಟ್ಟಿಂಗು' ಎಂದುಕೊಂಡು ಒಂದು ದಿನವೂ ಟೆಸ್ಟ್ ಮಾಡಲಿಲ್ಲ.

ಇದು ಹಳೇ ಕಥೆ. ಬ್ರೆಜಿಲ್‌ನ ರಿಯೋದಲ್ಲಿ ಪೆಟ್ರೋಬ್ರಾಸ್ ತೈಲ ಕಂಪನಿಗೆಂದು ಡೆಲ್, ಸೋಲ್ ಎಂಬ ಎರಡು ಪುಟ್ಟ ವಿವರಣಾ ಭಾಷೆಗಳನ್ನು ಮಾಡಿದ್ದರು. ಬಳಸುವವರು ಷರತ್ತು ಬೇಕು, ಲೂಪ್ ಬೇಕು ಅಂತ ಕೇಳುತ್ತಲೇ ಹೋದರು. ಅಲ್ಲಿನ ಪಿಯುಸಿ ವಿಶ್ವವಿದ್ಯಾಲಯದವರು ತೇಪೆ ಹಾಕುತ್ತಾ ಕೂರಲಿಲ್ಲ. 1993ರಲ್ಲಿ ಸಿ ಪ್ರೋಗ್ರಾಮಿನ ಒಳಗೇ ಕೂರುವ ಪೂರ್ತಿ ಭಾಷೆ ಮಾಡಿದರು. ಅದೇ ಲುವಾ.

'ಪೂರ್ತಿ ಭಾಷೆ ಕೈಗೆ ಕೊಟ್ಟರೆ ಇನ್ನೂ ಅಪಾಯ' ಅಂದರು ನಮ್ಮ ಮ್ಯಾನೇಜರ್. ನಿಜ. ಲುವಾದಲ್ಲೂ ಕೋಟ್ಸ್ ಮರೆತರೆ 022 ಬರೀ 22 ಆಗುತ್ತೆ. ಆದರೆ ಬೇಲಿ ಹಾಕಬಹುದಲ್ಲ? ಫೈಲು ತೆರೆಯುವ ಲೈಬ್ರರಿಯನ್ನು ಕೊಡದೇ ಇರಬಹುದು. ಕೊನೆಯಿಲ್ಲದೆ ತಿರುಗಿದರೆ ನಿಲ್ಲಿಸಬಹುದು. ಗೂಗಲ್‌ನ ಬೇಜಲ್ ಬಳಸುವ ಸ್ಟಾರ್‌ಲಾರ್ಕ್‌ನಲ್ಲಂತೂ ವೈಲ್ ಲೂಪೂ ಇಲ್ಲ, ತನ್ನನ್ನೇ ಕರೆದುಕೊಳ್ಳುವ ಫಂಕ್ಷನ್ನೂ ಇಲ್ಲ.

ನನ್ನ ಮಾತಿಷ್ಟೇ. ಹತ್ತು ಸಾಲಿನ ಸೆಟ್ಟಿಂಗಿಗೆ ಯಾಮಲ್ ಸಾಕು, ಓದುವಾಗ ತಪಾಸಣೆ ಮಾಡಿ. ಮೊದಲ 'ಇಫ್' ಒಳಗೆ ಬಂದ ದಿನ ಅದನ್ನು ಪ್ರೋಗ್ರಾಂ ಎಂದು ಒಪ್ಪಿಕೊಂಡು, ಬೇಲಿಯಿರುವ ನಿಜವಾದ ಭಾಷೆಗೆ ಸಾಗಿಸಿ, ಟೆಸ್ಟ್ ಬರೆಯಿರಿ. ಅದು ಬಿಟ್ಟು ಹೊಸ ಹುಡುಗನನ್ನು ಬೈದರೆ, ಮುಂದಿನ ವರ್ಷ ಇನ್ನೊಬ್ಬ ಹುಡುಗ ಅದೇ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿರುತ್ತಾನೆ.

ಏನಂತೀರಿ?