ಯಾಪಾ ಮತ್ತು ನಮ್ಮ ಸಾಂಬಾರ್



ಮಗನ ಜೊತೆ ಬೆನ್ನಿಗೆ ಚೀಲ ಹಾಕಿಕೊಂಡು ಪೆರು ದೇಶ ಸುತ್ತಿ ಬಂದೆ. ಮಾಚು ಪಿಚು ಎಲ್ಲರೂ ನೋಡುತ್ತಾರೆ. ನನ್ನ ಕಣ್ಣು ಹೋದದ್ದು ಕುಸ್ಕೋ ಊರಿನ ಸಾನ್ ಪೆದ್ರೋ ಮಾರ್ಕೆಟಿನ ಜ್ಯೂಸ್ ಅಂಗಡಿಗೆ. ಗ್ಲಾಸ್ ಖಾಲಿಯಾದೊಡನೆ ಅಂಗಡಿಯಾಕೆ ಮಿಕ್ಸಿಯಲ್ಲಿ ಉಳಿದದ್ದನ್ನು ಮತ್ತೆ ಸುರಿದರು. ದುಡ್ಡು ತೆಗೆದರೆ ನಕ್ಕು ‘ಯಾಪಾ’ ಎಂದರು. ಕೆಚುವಾ ಭಾಷೆಯ ಮಾತು. ನಮ್ಮೂರ ಸಂತೆಯಲ್ಲಿ ತರಕಾರಿಯವಳು ಹಾಕುವ ಕೊಸರೇ ಅದು!

ಇತ್ತ ಮುಂಬಯಿಯಲ್ಲಿ ನಮ್ಮವರೇ ಕೆಲವರು ಎರಡನೇ ಸಾಂಬಾರಿಗೆ ಬಿಲ್ ಹಾಕುತ್ತೇವೆ. ಬೇಳೆ, ಗ್ಯಾಸ್ ದುಬಾರಿ, ಒಪ್ಪಿದೆ. ನಾನೂ ಆರು ತಿಂಗಳು ಹಾಕಿದೆ. ದಿನಾ ಬರುತ್ತಿದ್ದ ಹಳೇ ಗಿರಾಕಿಯೊಬ್ಬರು ಬಿಲ್ ನೋಡಿ, ಏನೂ ಅನ್ನದೆ ಕೊಟ್ಟು ಹೋದರು. ಮತ್ತೆ ಬರಲಿಲ್ಲ. ಬೇಕಿದ್ದರೆ ಇಡ್ಲಿಗೆ ಎರಡು ರೂಪಾಯಿ ಏರಿಸೋಣ, ಸಾಂಬಾರ್ ಬಡಿಸುವ ಹುಡುಗನ ಕೈ ಕಟ್ಟುವುದು ಬೇಡ. ನನ್ನ ಹೋಟೆಲಿನ ‘ಎಕ್ಸ್‌ಟ್ರಾ ಸಾಂಬಾರ್’ ಬೋರ್ಡ್ ಊರಿಂದ ಬಂದ ಮರುದಿನವೇ ತೆಗೆಸಿದೆ.