ನೀವು ತೊಟ್ಟ ಅಂಗಿಯ ಕಥೆ ಗೊತ್ತೇ?

ಕನ್ನಡದ ಯುವಕ ಯುವತಿಯರೇ,

ನೀಲಿ-ಕೆಂಪು ಪಟ್ಟೆಯ ಬಾರ್ಸಿಲೋನ ಅಂಗಿ ತೊಟ್ಟು ಬೆಂಗಳೂರಿನ ಬೀದಿಗಳಲ್ಲಿ ಓಡಾಡುವವರು ನಿಮ್ಮಲ್ಲಿ ಎಷ್ಟು ಮಂದಿ! ಬೆನ್ನ ಮೇಲೆ ಮೆಸ್ಸಿಯ ಹೆಸರು. ಸಂತೋಷ. ಆದರೆ ಆ ತಂಡದ ಹೆಸರನ್ನೇ ಒಬ್ಬ ಸರ್ವಾಧಿಕಾರಿ ಕಿತ್ತುಕೊಂಡಿದ್ದ ಎಂಬುದು ಗೊತ್ತೇ?

1939ರಲ್ಲಿ ಅಂತರ್ಯುದ್ಧ ಗೆದ್ದು ಫ್ರಾಂಕೋ ಇಡೀ ಸ್ಪೇನಿನ ಗದ್ದುಗೆ ಹಿಡಿದ. ಬಾರ್ಸಿಲೋನದ ಜನರ ತಾಯ್ನುಡಿ ಕ್ಯಾಟಲನ್. ಅದನ್ನು ಶಾಲೆಯಿಂದ, ಕಚೇರಿಯಿಂದ ಓಡಿಸಲಾಯಿತು. ಕ್ಲಬ್ಬಿನ ಹೆಸರನ್ನು ಸ್ಪ್ಯಾನಿಷ್ ರೂಪಕ್ಕೆ ತಿರುಗಿಸಿದರು. ಅಧ್ಯಕ್ಷರಾಗಿದ್ದ ಜೋಸೆಪ್ ಸುನ್ಯೋಲ್ ಅವರನ್ನಂತೂ 1936ರಲ್ಲೇ ಫ್ರಾಂಕೋನ ಸೈನಿಕರು ಗುಂಡಿಟ್ಟು ಕೊಂದಿದ್ದರು. ಪಕ್ಷ ಕಟ್ಟುವಂತಿಲ್ಲ, ಸಭೆ ಸೇರುವಂತಿಲ್ಲ. ಉಳಿದದ್ದು ಆಟದ ಮೈದಾನ. ಸಾವಿರಾರು ಗಂಟಲುಗಳ ನಡುವೆ ಕ್ಯಾಟಲನ್ ನುಡಿದವನು ಯಾರೆಂದು ಯಾವ ಪೊಲೀಸಪ್ಪ ಹುಡುಕಿಯಾನು?

1951ರಲ್ಲಿ ಬಾರ್ಸಿಲೋನದ ಟ್ರಾಮ್ ದರ ಏರಿತು. ರಾಜಧಾನಿ ಮ್ಯಾಡ್ರಿಡ್‌ನಲ್ಲಿ ಮಾತ್ರ ಅಗ್ಗ! ಊರಿಗೆ ಊರೇ ಟ್ರಾಮ್ ಹತ್ತುವುದನ್ನು ಬಿಟ್ಟಿತು. ಮಾರ್ಚ್ 4, ಭಾನುವಾರ. ಲೆಸ್ ಕೋರ್ಟ್ಸ್ ಮೈದಾನದಲ್ಲಿ ಸಾಂತಾಂದೇರ್ ತಂಡದ ವಿರುದ್ಧ ಪಂದ್ಯ. ಮಳೆ. ಆಟ ಮುಗಿದಾಗ ಹೊರಗೆ ಟ್ರಾಮ್‌ಗಳು ಕಾದು ನಿಂತಿದ್ದವು. ಅಭಿಮಾನಿಗಳು ಅವುಗಳತ್ತ ತಿರುಗಿಯೂ ನೋಡದೆ ನೆನೆಯುತ್ತಲೇ ಮನೆಗೆ ನಡೆದರು. ನಡೆದು ಹೋಗುವವನನ್ನು ಯಾವ ಕಾನೂನಿನಡಿ ಹಿಡಿಯುತ್ತೀರಿ? ಕೆಲವೇ ದಿನಗಳಲ್ಲಿ ದರ ಏರಿಕೆ ರದ್ದಾಯಿತು. ಬಸ್ಸಿನ ಗಾಜು ಒಡೆಯುವುದೇ ಹೋರಾಟ ಎಂದುಕೊಂಡ ವೀರರು (ಹೌದು, ನಮ್ಮಲ್ಲೂ ಇದ್ದಾರೆ) ಈ ಪ್ಯಾರಾವನ್ನು ಎರಡು ಸಲ ಓದಲಿ.

ಇನ್ನೂ ಒಂದು ಮಾತು. ದಕ್ಷಿಣದ ಆಂದಲೂಸಿಯಾದಿಂದ ಕೂಲಿಗಾಗಿ ವಲಸೆ ಬಂದವರ ಮಾತು ಕ್ಯಾಟಲನ್ ಅಲ್ಲ. ಅವರಲ್ಲಿ ಅನೇಕರು ಆ ನೆಲದವರಾದದ್ದು ಈ ತಂಡದ ಅಭಿಮಾನಿಗಳಾಗಿ. ನಮ್ಮ ಚಿನ್ನಸ್ವಾಮಿ ಮೈದಾನದಲ್ಲೂ ಕನ್ನಡ ಬಾರದ ಹುಡುಗರು ‘ಈ ಸಲ ಕಪ್ ನಮ್ದೆ’ ಎಂದು ಗಂಟಲು ಹರಿಯುವಂತೆ ಕೂಗಲಿಲ್ಲವೇ? ಅವರನ್ನು ಬೈದು ಕಲಿಸಿದವರು ಯಾರು?

1972ರಲ್ಲಿ, ಫ್ರಾಂಕೋ ಇನ್ನೂ ಬದುಕಿರುವಾಗಲೇ, ಕ್ಯಾಂಪ್ ನೌ ಮೈದಾನದ ಧ್ವನಿವರ್ಧಕದಲ್ಲಿ ಮತ್ತೆ ಕ್ಯಾಟಲನ್ ಮೊಳಗಿತು. ಘೋಷಣೆಯಲ್ಲ, ಭಾಷಣವಲ್ಲ, ಒಂದು ಮಗು ಕಳೆದುಹೋಗಿದೆ ಎಂಬ ಪ್ರಕಟಣೆ, ಅಷ್ಟೇ. ಅದೂ ಆಳುವವರ ಕಣ್ಣು ಕೆಂಪಾಗಿಸಿತು. ಎರಡು ವರ್ಷದೊಳಗೆ ಕ್ಲಬ್ಬಿಗೆ ಹಳೆಯ ಹೆಸರೂ ಮರಳಿತು.

ಗೆಳೆಯರೇ, ಮುಂದಿನ ಸಲ ಕಂಠೀರವ ಕ್ರೀಡಾಂಗಣಕ್ಕೆ ಕಾಲ್ಚೆಂಡು ನೋಡಲು ಹೋದಾಗ ಸ್ವಲ್ಪ ಕಿವಿಗೊಡಿ. ಅಲ್ಲಿ ಒಂದು ಮಗು ಕಳೆದುಹೋದರೆ ಯಾವ ಭಾಷೆಯಲ್ಲಿ ಕೂಗಿ ಹೇಳುತ್ತಾರೆ? ಕನ್ನಡ ಕೇಳಿಸದಿದ್ದರೆ ವ್ಯವಸ್ಥಾಪಕರ ಬಳಿ ಹೋಗಿ, ಕನ್ನಡದಲ್ಲೇ ಕೇಳಿ. ಒಬ್ಬರೇ ಹೋಗಬೇಡಿ, ಇಡೀ ಸ್ಟ್ಯಾಂಡನ್ನೇ ಕರೆದುಕೊಂಡು ಹೋಗಿ.