ಮನೆಗೂ ಬೇಕು ವಯೋಮಿತಿ ಸಡಿಲಿಕೆ

ನಮ್ಮ ಸಂವಿಧಾನದ ಪ್ರಕಾರ ವಿಧಾನಸಭೆಗಾಗಲಿ ಲೋಕಸಭೆಗಾಗಲಿ ಸ್ಪರ್ಧಿಸಲು ಕನಿಷ್ಠ 25 ವರ್ಷ ತುಂಬಿರಬೇಕು. ಕಾನೂನಿಗೆ ಅದು ಬಾಗಿಲು ತೆರೆಯುವ ವಯಸ್ಸು. ನಮ್ಮ ನೆಂಟರಿಗೆ ಮಾತ್ರ ಅದು ರಿಸಲ್ಟ್ ಬರುವ ವಯಸ್ಸು. ನನಗೀಗ 25. ಧಾರವಾಡದಲ್ಲಿ ಕನ್ನಡ ಎಂ.ಎ. ಮುಗಿಸಿ ಟ್ಯೂಷನ್ ಹೇಳಿಕೊಡುತ್ತೇನೆ, ಆಗಾಗ ಕತೆ ಬರೆಯುತ್ತೇನೆ. ಮದುವೆಯೂಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರೆಲ್ಲ ‘ಇನ್ನೂ ಸೆಟ್ಲ್ ಆಗಿಲ್ಲೇನವಾ?’ ಎನ್ನುತ್ತಾರೆ. ಅಣ್ಣನಿಗೆ ಇದೇ ಪ್ರಶ್ನೆ ಬಂದರೆ ಅದು ಸಂಬಳದ ವಿಚಾರಣೆ. ನನಗೆ ಬಂದರೆ ಗಂಡಿನ ವಿಚಾರಣೆ.

ಇದಕ್ಕೆ ಸಾಹಿತ್ಯದ ಮಂದಿಯ ಬಳಿ ಸಿದ್ಧ ಸಮಾಧಾನವೊಂದಿದೆ. ‘ಚಿಕವೀರ ರಾಜೇಂದ್ರ’ ಬಂದಾಗ ಮಾಸ್ತಿಯವರಿಗೆ ಅರವತ್ತು ದಾಟಿತ್ತು, ಬಾನು ಮುಷ್ತಾಕ್ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದಾಗ 77, ನಿನಗಿನ್ನೂ ಟೈಮಿದೆ ಬಿಡು ಎನ್ನುತ್ತಾರೆ. ಈ ಸಮಾಧಾನ ನನಗೆ ಬೇಡ. ಇದು ಗಡುವನ್ನು ಮುಂದೂಡುತ್ತದೆಯೇ ಹೊರತು ರದ್ದು ಮಾಡುವುದಿಲ್ಲ. ಮೇಲಾಗಿ ಅವರಿಬ್ಬರೂ ಗೆಲುವಿಗಾಗಿ ಕಾದು ಕೂತವರಲ್ಲ. ಮಾಸ್ತಿ ಸರ್ಕಾರಿ ನೌಕರಿ ಮಾಡುತ್ತಲೇ ದಶಕಗಟ್ಟಲೆ ಕತೆ ಬರೆದವರು. ಬಾನು ಅವರ ಬಹುಮಾನಿತ ಸಂಕಲನದ ಕತೆಗಳು 1990ರಿಂದ 2023ರವರೆಗಿನವು. 77 ಎಂಬುದು ಪ್ರಶಸ್ತಿಯ ವಯಸ್ಸು, ಕೆಲಸದ ವಯಸ್ಸಲ್ಲ.

ನಿಜ ಹೇಳಬೇಕೆಂದರೆ ಇಲ್ಲಿ ಪ್ರಶ್ನೆ ವಯಸ್ಸಿನದಲ್ಲ, ಕಾಯುವ ತಾಕತ್ತು ಯಾರಿಗಿದೆ ಎಂಬುದು. ನನ್ನ ಜೊತೆ ಓದಿದ ಇಬ್ಬರನ್ನು ನೋಡಿ. ಒಬ್ಬ ಸಪ್ತಾಪುರದ ಕೋಚಿಂಗ್ ಸೆಂಟರಿಗೆ ಹೋಗಿ ಬಂದು ಮಾಡುತ್ತಿದ್ದಾನೆ. ತಂದೆಯ ಎರಡು ಅಂಗಡಿಗಳ ಬಾಡಿಗೆ ಅವನ ಖರ್ಚು ನೋಡಿಕೊಳ್ಳುತ್ತದೆ. ಕುಷ್ಟಗಿ ಕಡೆಯ ಇನ್ನೊಬ್ಬ ಓದಿನಲ್ಲಿ ಅವನಿಗಿಂತ ಮುಂದಿದ್ದ. ತಂಗಿಯ ಮದುವೆ ಸಾಲ ತೀರಿಸಲು ಬೆಂಗಳೂರಿಗೆ ಹೋಗಿ ಮನೆಮನೆಗೆ ಪಾರ್ಸೆಲ್ ಹಂಚುತ್ತಿದ್ದಾನೆ. ಇಬ್ಬರಿಗೂ 25. ಊರಿನವರ ಬಾಯಲ್ಲಿ ಮೊದಲನೆಯವನು ‘ತಯಾರಿ ನಡೆಸ್ಯಾನ’, ಎರಡನೆಯವನು ‘ಏನೂ ಆಗಲಿಲ್ಲ’. ಮನೆಯ ಸಾಲ ಹೊತ್ತವನು ಏನೂ ಆಗಲಿಲ್ಲವೆಂದರೆ, ಆಗುವುದು ಅಂದರೇನು?

ಒಂದೇ ವಯಸ್ಸು ಎಲ್ಲರಿಗೂ ಒಂದೇ ಅಲ್ಲ ಎಂಬುದು ಸರ್ಕಾರಿ ಅಧಿಸೂಚನೆಗೂ ಗೊತ್ತು. ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೆ ಮಿತಿ 32, ಹಿಂದುಳಿದ ವರ್ಗಕ್ಕೆ 35, ಪರಿಶಿಷ್ಟರಿಗೆ 37. ವಯೋಮಿತಿ ಸಡಿಲಿಕೆ ಎಂಬ ಆ ಒಣ ಪದದೊಳಗೆ ದೊಡ್ಡ ವಿವೇಕವಿದೆ: ಹಿಂದಿನಿಂದ ಓಡಲು ಶುರು ಮಾಡಿದವರಿಗೆ ಹೆಚ್ಚು ಹೊತ್ತು ಬೇಕು. ಆ ವಿವೇಕ ನಮ್ಮ ಪಡಸಾಲೆಗೆ ಇನ್ನೂ ಬಂದಿಲ್ಲ.

ಸಾಹಿತ್ಯಲೋಕಕ್ಕೂ ಪೂರ್ತಿ ಬಂದಿಲ್ಲ. ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರಕ್ಕೆ 35ರ ಗೆರೆಯಿದೆ. ಬಾಣಂತನ, ಅತ್ತೆ ಮಾವನ ಆರೈಕೆ, ಮಕ್ಕಳ ಹೋಮ್‌ವರ್ಕ್ ಎಲ್ಲ ಮುಗಿಸಿ 40ಕ್ಕೆ ಮೊದಲ ಕತೆ ಬರೆದವಳು ಹೊಸ ಬರಹಗಾರ್ತಿ ಹೌದು, ‘ಯುವ’ ಅಲ್ಲ. ಅವಳನ್ನು ಯಾವ ಪಟ್ಟಿಯಲ್ಲಿ ಹುಡುಕೋಣ?

ಹೆತ್ತವರ ಭಯ ಸುಳ್ಳೆನ್ನುತ್ತಿಲ್ಲ. ಕೂಡಿಟ್ಟ ಹಣವಿಲ್ಲದ, ಪಿಂಚಣಿಯಿಲ್ಲದ ಮನೆಯಲ್ಲಿ ಮಗಳ ಸಂಬಳವೇ ಮುಪ್ಪಿನ ಆಸರೆ. ಆ ಭಯವನ್ನು ಭಯವೆಂದೇ ಹೇಳಲಿ. ‘ಈ ತಿಂಗಳು ದುಡ್ಡು ಸಾಲದು’ ಅಂದರೆ ಇನ್ನೆರಡು ಟ್ಯೂಷನ್ ಹಿಡಿಯುತ್ತೇನೆ. ಅದಕ್ಕೆ ‘ಪಕ್ಕದ ಮನೆಯವಳನ್ನು ನೋಡು’ ಎಂಬ ವೇಷ ತೊಡಿಸಿದರೆ ದುಡ್ಡಿನ ಕೊರತೆ ನನ್ನ ಯೋಗ್ಯತೆಯ ಕೊರತೆಯಾಗಿಬಿಡುತ್ತದೆ.

ಹಿರಿಯರೇ, ‘ಏನಾದಿ?’ ಎಂದು ಕೇಳುವ ಬದಲು ‘ಏನು ಮಾಡಾಕತ್ತಿ?’ ಎಂದು ಕೇಳಿ. ಉತ್ತರ ಹೇಳಲು ನಮ್ಮಲ್ಲಿ ಬೇಕಾದಷ್ಟಿದೆ. ಓರಗೆಯ ಗೆಳೆಯರೇ, 24ಕ್ಕೇ ಗೆದ್ದೆ ಎಂದು ಫೋಟೊ ಹಾಕುವಾಗ ಅಲ್ಲಿಯವರೆಗೆ ರೂಮಿನ ಬಾಡಿಗೆ ಕಟ್ಟಿದವರು ಯಾರು ಎಂಬುದನ್ನೂ ಕೆಳಗೆ ಬರೆಯಿರಿ.